ಅಂಗುಳದ ಗುಡ್ಡ

ಇಸಾಫ್ಯೋರ್ದುರ್ ಊರಲ್ಲಿ ಬೆಳಗಿನ ಹತ್ತಾದರೂ ಕತ್ತಲೆ.
ಸೂರ್ಯ ಬೆಟ್ಟದ ಹಿಂದೆಯೇ ಉಳಿಯುವ ತಿಂಗಳು.
ಸೋಲ್ರುನ್ ಬಂದಳು, ಮೀನು ಕಾರ್ಖಾನೆಯ ಬಿಳಿ ಬೂಟಿನಲ್ಲೇ,
ಕುರ್ಚಿಯಲ್ಲಿ ಒರಗಿದಳು, ಬಾಯಿ ಮಾತ್ರ ತೆರೆಯಲಿಲ್ಲ.

ಒಂಬತ್ತು ರಾತ್ರಿ ನಿದ್ದೆಯಿಲ್ಲವಂತೆ.
ಬಿಸಿ ಸೂಪಿಗೆ ಅಂಗುಳ ಸುಟ್ಟ ದಿನ
ನಾಲಿಗೆ ಅಲ್ಲಿ ತಡವಿ, ಒಂದು ಗುಡ್ಡ ಸಿಕ್ಕಿತಂತೆ.
ಆಮೇಲೆ ಆ ಎಲುಬಿಲ್ಲದ ನಾಲಿಗೆಗೆ ಬೇರೆ ಕೆಲಸವೇ ಇಲ್ಲ:
ಹೋಗುವುದು, ಮುಟ್ಟುವುದು, ಬರುವುದು,
ಮತ್ತೆ ಹೋಗುವುದು.
ಉಗುಳಲಾಗದ, ನುಂಗಲಾಗದ ತುತ್ತು.
ಗಂಡನಿಗೂ ಹೇಳಿಲ್ಲ. ಮನಸ್ಸಿನೊಳಗೇ
ಉಣ್ಣೆಯಂಗಿಗಳನ್ನೆಲ್ಲ ತಂಗಿಯರಿಗೆ ಹಂಚಿ ಆಗಿದೆ.

ನಾನು ದೀಪ ತಿರುಗಿಸಿದೆ. ಬೆರಳಿಟ್ಟೆ.
ಗಟ್ಟಿ. ನಟ್ಟನಡುವೆ. ಎರಡೂ ಮಗ್ಗುಲು ಸಮ.
ಮೇಲೆ ತೆಳುವಾದ ಗುಲಾಬಿ ಚರ್ಮ, ಹುಣ್ಣಿಲ್ಲ, ರಕ್ತವಿಲ್ಲ,
ಒತ್ತಿದರೆ ಅಲುಗದು, ನೋಯದು.
"ಮೂಳೆ," ಅಂದೆ. "ನಿನ್ನದೇ ಮೂಳೆ,
ಇಪ್ಪತ್ತು ವರ್ಷದಿಂದ ಮೆಲ್ಲಗೆ ಬೆಳೆದಿರಬೇಕು.
ಗುಡ್ಡ ಹಳೆಯದು. ಸುದ್ದಿ ಹೊಸದು."

ನಂಬಲಿಲ್ಲ. ಮೊದಲ ಸಲ ಯಾರೂ ನಂಬುವುದಿಲ್ಲ.
ಕೆನ್ನೆ ಕಚ್ಚಿ ಕಚ್ಚಿ ಗಂಟೆಬ್ಬಿಸಿಕೊಂಡ ಲಾರಿ ಚಾಲಕ,
ಕೆಳತುಟಿಯೊಳಗೆ ಜೊಲ್ಲು ತುಂಬಿ ನೀಲಿ ಗುಳ್ಳೆಯಾದ ಹುಡುಗ,
ಬಸುರಿನಲ್ಲಿ ಒಸಡು ಉಬ್ಬಿದ ಶಾಲೆಯ ಟೀಚರು,
ಎಲ್ಲರೂ ಇದೇ ಕುರ್ಚಿಯಲ್ಲಿ ಸತ್ತು ಎದ್ದವರು.

ಎಲ್ಲರಿಗೂ ಹೀಗೆ ಹೇಳಲು ಆಗಿಲ್ಲ, ಅದೂ ನಿಜ.
ಮಾಯದ ಹುಣ್ಣೊಂದನ್ನು ನಾಲಿಗೆಯಡಿ ಬಚ್ಚಿಟ್ಟು
ವಸಂತದವರೆಗೆ ಕಾದ ಹಡಗಿನ ಅಡುಗೆಯವ,
ಅವನ ಕಡತ ಇನ್ನೂ ಮೇಲಿನ ಕಪಾಟಿನಲ್ಲಿದೆ.
ಅದಕ್ಕೇ ಈ ಬೆರಳು. ಅದಕ್ಕೇ ಈ ದೀಪ.

"ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ?"
ಇಲ್ಲವೆಂದು ತಲೆಯಾಡಿಸಿದಳು.

ಗುರುವಾರ ಮತ್ತೆ ಬಂದಳು. ಕರವಸ್ತ್ರದಲ್ಲೊಂದು ಗಂಟು.
ಬಿಚ್ಚಿದರೆ, ತೀರಿಹೋದ ತಾಯಿ ಹಾಲ್ಬೇರಾಳ
ಮೇಲ್ದವಡೆಯ ಕಟ್ಟುಹಲ್ಲು.
ಊಟಕ್ಕೆ ಮುಂಚೆ ಕಳಚಿ ಕಿಟಕಿಯಲ್ಲಿಡುತ್ತಿದ್ದಳಂತೆ.
ಮೂವರು ದಂತವೈದ್ಯರೊಡನೆ ಜಗಳ.
ಮಕ್ಕಳ ಬಾಯಲ್ಲಿ ಹಟಮಾರಿ ಮುದುಕಿ.

ಮಗುಚಿ ನೋಡಿದೆ. ಅಂಗುಳ ತಾಗುವ ಕಡೆ, ನಡುವೆ,
ಚಾಕುವಿನ ಮೊನೆಯಿಂದ ಕೆರೆದು ಕೆರೆದು ಮಾಡಿದ ಹಳ್ಳ,
ಬೆರಳ ತುದಿ ಹಿಡಿಯುವಷ್ಟು.

ಕನ್ನಡಿಯೆದುರು ಬಾಯಿ ತೆರೆದು ಸೋಲ್ರುನ್
ಹಳ್ಳವನ್ನೂ ಗುಡ್ಡವನ್ನೂ ಜೊತೆಗೆ ನೋಡಿದಳು.
ಅಳತೆ ಕೂಡಲಿಲ್ಲ. ತಾಯಿಯದು ದೊಡ್ಡದು.
"ನೋಯುತ್ತಿತ್ತೇ ಅವಳಿಗೆ?"
"ಮೂಳೆ ನೋಯುವುದಿಲ್ಲ," ಅಂದೆ. "ಪ್ಲೇಟು ಒತ್ತಿದರೆ ನೋಯುತ್ತದೆ."

ಬಾಯಿ ಮುಚ್ಚಿದಳು. ಗದ್ದದ ಕೆಳಗೊಂದು ಸಣ್ಣ ಅಲುಗಾಟ:
ನಾಲಿಗೆ ಮತ್ತೆ ಮೇಲೆ ಹೋಯಿತು,
ಈ ಸಲ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.