ನೂರು ಗಜ

ಶಾಲೆಯ ಗೇಟಿನಿಂದ ನೂರು ಗಜ ಅಳೆದು
ಹಳದಿ ಗೆರೆ ಎಳೆಯಬೇಕು. ಆ ಗೆರೆಯೊಳಗೆ
ಬೀಡಿ, ಸಿಗರೇಟು, ತಂಬಾಕು ಮಾರುವಂತಿಲ್ಲ.
ಬಣ್ಣದ ಡಬ್ಬಿ ಕೊಟ್ಟರು, ಬ್ರಶ್ಶು ಕೊಟ್ಟರು,
ಹನ್ನೆರಡು ಸ್ಟಿಕ್ಕರು, ಸಹಿ ಹಾಕಿಸಲು ರಿಜಿಸ್ಟರು.
ಅಳೆಯುವ ಟೇಪು ಮಾತ್ರ ಕೊಡಲಿಲ್ಲ.

'ಅಂದಾಜಿಗೆ ಹಾಕಿಬಿಡ್ರಿ ಜರೀನಕ್ಕ,' ಅಂದರು ಪಿ.ಟಿ. ಮೇಷ್ಟ್ರು.
ಅಂದಾಜು ಅಂದರೆ ಬಾಷಾ ನಗರದಲ್ಲಿ ಜಗಳ.

ರಾತ್ರಿ ಅಮ್ಮಿಯ ಮೊರದಿಂದ ಎತ್ತಿಕೊಂಡೆ
ಬೀಡಿಯ ಸೊಂಟಕ್ಕೆ ಸುತ್ತುವ ಕೆಂಪು ದಾರದ ಉಂಡೆ.
ಪಕ್ಕದ ಟೈಲರ್ ಅಂಗಡಿಯ ಟೇಪು ಅರವತ್ತಿಂಚು;
ಅರವತ್ತು ಸಲ ಚಾಚಿದರೆ ಸರಿಯಾಗಿ ನೂರು ಗಜ.
ನಾನು ಚಾಚಿದೆ, ಅಮ್ಮಿ ಎಣಿಸಿದಳು.
ಎಣಿಕೆಯಲ್ಲಿ ಅವಳು ತಪ್ಪಿದವಳಲ್ಲ:
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ,
ಸಾವಿರಕ್ಕೆ ಸೇಟು ಕೊಟ್ಟಷ್ಟು.
ಆ ಸಾವಿರಗಳಲ್ಲೇ ನನ್ನ ಎಸ್ಸೆಸ್ಸೆಲ್ಸಿ ಫೀಸು,
ಈ ಆಶಾ ಕೆಲಸದ ಗುಲಾಬಿ ಸೀರೆ ಉಡುವಷ್ಟು ಓದು.

ಐವತ್ತೇಳು, ಐವತ್ತೆಂಟು... ಅಲ್ಲೊಂದು ಕೆಮ್ಮು. ಇನ್ನೊಂದು.
'ಎಷ್ಟಾಯ್ತು?' ಅಂದೆ.
'ಕೆಮ್ಮು ಎಣಿಸಬ್ಯಾಡ, ದಾರ ಹಿಡಿ,' ಅಂದಳು.
ಜೀವಮಾನದಲ್ಲಿ ಒಂದು ಬೀಡಿ ಹಚ್ಚಿದವಳಲ್ಲ.

ಬೆಳಿಗ್ಗೆ ಏಳನೇ ಕ್ಲಾಸಿನ ಮಕ್ಕಳು ದಾರ ಹಿಡಿದು ಹೊರಟವು,
ಗಾಳಿಪಟ ಕಳಕೊಂಡವರ ಹಾಗೆ, ಆದರೆ ಖುಷಿಯಲ್ಲಿ;
ಚರಂಡಿ ದಾಟಿ, ಮಸೀದಿಯ ನಲ್ಲಿ ದಾಟಿ,
ಮಂಡಕ್ಕಿಗೆ ಒಣಹಾಕಿದ ಅಕ್ಕಿ ತುಳಿಯದೆ.
ದಾರ ಮುಗಿದದ್ದು ಚೌಡಪ್ಪನ ಪೆಟ್ಟಿಗೆ ಅಂಗಡಿಯ ನಟ್ಟನಡುವೆ.
ಬಿಸ್ಕತ್ತಿನ ಡಬ್ಬಿ ಆಚೆ, ತಂಬಾಕಿನ ಪೊಟ್ಟಣದ ಸರ ಈಚೆ.

ಚೌಡಪ್ಪ ದಾರ ನೋಡಿದ, ನನ್ನ ನೋಡಿದ,
ಎದ್ದು ಸರ ಬಿಚ್ಚಿ ಆ ಕಡೆಯ ಮೊಳೆಗೆ ತೂಗುಹಾಕಿದ.
'ಈಗ ಸರಿ ಆತಲ್ಲಕ್ಕ? ಬಿಸ್ಕತ್ತು ಮಕ್ಳಿಗೆ ಹತ್ರ ಆತು.'
ಮಕ್ಕಳು ನಕ್ಕವು. ನನಗೂ ಬಂದ ನಗುವನ್ನು ನುಂಗಿಕೊಂಡೆ.
ಗೆರೆ ಎಳೆಯಲು ಕೂತಾಗ ಅವನೇ ಇಳಿದು ಬಂದು
ಡಬ್ಬಿಯ ಮುಚ್ಚಳ ಮೀಟಿ ಕೊಟ್ಟ.
ಅವನ ಬಾಯಿ ಈಗ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ.
'ಮಿರ್ಚಿ ತಿಂದು ವರ್ಷ ಆತು,' ಅಂದ, ಮಕ್ಕಳಿಗೆ ಕೇಳದಂತೆ.
'ದೊಡ್ಡಾಸ್ಪತ್ರೆಗೆ ಚೀಟಿ ಬರ್ದು ಕೊಡ್ತೀಯೇನು?'
ರಿಜಿಸ್ಟರಿನ ಹಿಂಬದಿ ಹಾಳೆ ಹರಿದು ಬರೆದುಕೊಟ್ಟೆ.

'ಹೊಗೆಮುಕ್ತ ಪ್ರದೇಶ'
ಕಾಂಪೌಂಡಿಗೆ ಸ್ಟಿಕ್ಕರು ಅಂಟಿಸುವಾಗ
ಉಮ್ಮೇಹಾನಿ ನನ್ನ ಸೆರಗು ಜಗ್ಗಿ ಮೇಲೆ ತೋರಿಸಿದಳು:
ಭಟ್ಟಿಗಳ ಸಾಲು, ಕರೀ ಹೊಗೆ, ದಿನದ ಹಾಗೆ.
'ಅದು ಲೆಕ್ಕಕ್ಕೆ ಬರಲ್ವಾ ಅಕ್ಕ?'
ಅವಳಪ್ಪ ಅಲ್ಲೇ ಮಂಡಕ್ಕಿ ಹುರಿಯುತ್ತಾನೆ.
ಅದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.
ಸ್ಟಿಕ್ಕರಿನ ಮೂಲೆ ಒತ್ತುತ್ತಲೇ ಇದ್ದೆ,
ಅದು ಆಗಲೇ ಅಂಟಿತ್ತು.

ಮನೆಗೆ ಬಂದಾಗ ಡಬ್ಬಿಯ ತಳದಲ್ಲಿ ಚೂರು ಬಣ್ಣ ಉಳಿದಿತ್ತು.
ಅಮ್ಮಿ ಬೆರಳು ಅದ್ದಿದಳು. ಆ ಬೆರಳು ಮೊದಲೇ ಹಳದಿ.
ತನ್ನ ಮೊರಕ್ಕೂ ನನ್ನ ಮಗಳ ತೊಟ್ಟಿಲಿಗೂ ನಡುವೆ
ನೆಲದ ಮೇಲೊಂದು ಗೆರೆ ಎಳೆದಳು.
ಹತ್ತಕ್ಕೆ ಹನ್ನೆರಡರ ಮನೆ.
'ಮೂರು ಮೊಳ ಆಯ್ತು ನೋಡು,
ಉಳಿದಿದ್ದು ಎಲ್ಲಿಂದ ತರ್ತೀಯೋ ತಾ.'

ಆಮೇಲೆ ದಾರ ಕೇಳಿದಳು.
ರಸ್ತೆಯ ಧೂಳು ಕೊಡವಿ, ಸಿಕ್ಕು ಬಿಡಿಸಿ,
ಮೊಣಕೈಗೆ ಸುತ್ತಿ ಮತ್ತೆ ಉಂಡೆ ಮಾಡಿದಳು.
ಸೇಟಿನ ದಾರ, ತೂಕಕ್ಕೆ ಲೆಕ್ಕ ಕೊಡಬೇಕು.
ನಾಳೆ ಸಂಜೆಯೊಳಗೆ ಆ ನೂರು ಗಜ
ಬೆರಳುದ್ದದ ತುಂಡುಗಳಾಗಿ
ಸಾವಿರ ಬೀಡಿಯ ಸೊಂಟ ಸುತ್ತಿರುತ್ತದೆ;
ಒಂದು ಕಟ್ಟು ಚೌಡಪ್ಪನಲ್ಲಿಗೂ ಹೋದೀತು,
ಗೆರೆಯ ಆ ಕಡೆಗೆ.