ಬೇಲಿ ಎಂಬ ಪದರ

ನೌಫಲ್, ಮೊದಲು ಕೈ ಒರೆಸಿಕೋ.
ಪರೋಟದ ಎಣ್ಣೆ ಅಂಟಿದ ಮೌಸನ್ನು
ಇಲಿಗಳು ಬಿಡುವುದಿಲ್ಲ.
ಹೋದ ತಿಂಗಳು ಬಾಲ ಕಡಿದು ಹೋಗಿವೆ,
ನೆಂಟನೆಂದುಕೊಂಡವೋ ಏನೋ.

ಕಾರ್ಡನ್ನು ಹಾಗೆ ಸರಕ್ಕನೆ ಎಳೆಯಬೇಡ.
ಹೋಗಬಹುದು ಎಂದು ಕಂಪ್ಯೂಟರ್ ಹೇಳಲಿ, ಆಮೇಲೆ.
ಪಕ್ಕದ ಪುಟ್ಟ ಚಿಲಕ ಕೆಳಗೆಳೆದಿಟ್ಟರೆ
ಯಾರೂ ಅಳಿಸಲಾರರು,
ಅವಸರದಲ್ಲಿರುವ ನೀನೂ.

ಈಗ ಮದುವೆಯದು ತೆರೆ.
ಮದುಮಗನದು ಬಿಳಿ ಕುಪ್ಯ,
ಎಡಬಲದ ಅಣ್ಣತಮ್ಮಂದಿರದು ಕಪ್ಪು:
ಒಂದೇ ಚೌಕಟ್ಟಿನಲ್ಲಿ ಹಾಲು, ಕಾಚಂಪುಳಿ.
ನೆರಳನ್ನು ಮೆಲ್ಲಗೆ ಎತ್ತು, ಮಡಿಕೆ ಕಾಣುವಷ್ಟು.
ಬೆಳಕನ್ನು ಇಳಿಸು, ಬಿಳಿಯಲ್ಲಿ ಹೊಲಿಗೆ ಸಿಗುವಷ್ಟು.
ಚೇಲೆಯ ಕೆಂಪು ಹತ್ತು ಕಡಿಮೆಯಾಗಲಿ,
ರೇಷ್ಮೆ ಕೂಗಿದರೆ
ಪೀಚೆಕತ್ತಿಯ ಬೆಳ್ಳಿ ಕೇಳಿಸುವುದಿಲ್ಲ.

ತೋಟದೊಳಗೆ ತೆಗೆದದ್ದೆಲ್ಲ ಹಸಿರು ಹೊಡೆಯುತ್ತದೆ.
ಕಾಫಿ ಎಲೆ ಬಿಸಿಲನ್ನು ಸೋಸಿ ಮುಖಕ್ಕೆ ಬಳಿಯುತ್ತದೆ.
ತುಸು ನೇರಳೆ ಬೆರೆಸು, ಕೆನ್ನೆ ಕೆನ್ನೆಯಾಗುತ್ತದೆ.
ಬೆಳ್ಳಗೆ ಮಾಡಿ ಎನ್ನುತ್ತಾರೆ. ಮಾಡಬೇಡ.
‘ಪರದೆಯ ಬೆಳಕು ಕಮ್ಮಿ, ಪ್ರಿಂಟಿನಲ್ಲಿ ನೋಡಿ’ ಎನ್ನು.
ಸುಳ್ಳು. ಅಂಗಡಿಗೆ ಅಷ್ಟು ಬೇಕು.

ಇದು ಯುಪಿಎಸ್. ಕೀ ಎಂದರೆ ಏಳು ನಿಮಿಷ.
ಏಳೆಂದರೆ ಏಳು.
ಲೆನ್ಸಿನ ಡಬ್ಬದಲ್ಲಿರುವ ನೀಲಿ ಹರಳು
ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ,
ಬಾಣಲೆಯಲ್ಲಿ ಬಿಸಿ ಮಾಡು.
ಕಾಫಿ ಹುರಿಯುವ ಬಾಣಲೆ ಬೇರೆ.
ನಾನು ಒಮ್ಮೆ ಮರೆತಿದ್ದೆ, ನಿನ್ನಕ್ಕನ ಮುಂದೆ ಹೇಳಬೇಡ.

ಮೊದಲು ಹೇಳಬೇಕಾದದ್ದನ್ನು ಈಗ ಹೇಳುತ್ತೇನೆ:
ಮೂಲದ ಮೇಲೆ ಸೇವ್ ಒತ್ತಬಾರದು.

ಒಂಬತ್ತು ವರ್ಷದ ಹಿಂದೆ ಪಳಂಗಪ್ಪನವರು ಬಂದಿದ್ದರು,
ಕೈಲ್ ಮುಹೂರ್ತದ ಗುಂಪು ಫೋಟೊ, ಇಪ್ಪತ್ಮೂರು ಜನ.
ಎಡತುದಿಯಲ್ಲಿ ಕೋವಿ ಹಿಡಿದವನ ಮೇಲೆ ಬೆರಳಿಟ್ಟು
‘ಇವನನ್ನು ತೆಗೀರಿ’ ಎಂದರು.
ತಮ್ಮ. ಗದ್ದೆಗೆ ನೀರು ಬಿಡುವ ತಂಟೆ ಅಂತ ಯಾರೋ ಅಂದರು,
ನಾನು ಕೇಳಿರಲಿಲ್ಲ.
ಹಿಂದಿನ ಬೇಲಿಯನ್ನು ಚೂರುಚೂರೇ ತಂದು
ಅವನ ಮೇಲೆ ಹೊದಿಸಿದೆ, ಮಧ್ಯಾಹ್ನವಿಡೀ.
ಬೂಟಿನ ನೆರಳೊಂದು ಕೊನೆವರೆಗೂ ಹಟ ಮಾಡಿತು.
ಇನ್ನೂರೈವತ್ತು ರೂಪಾಯಿ, ಲ್ಯಾಮಿನೇಷನ್ ಬೇರೆ.

ಆಮೇಲೊಂದು ಮೇ ತಿಂಗಳು
ಗಡಿಯಾರ ಕಂಬದ ಆಚೆ ಸಿಡಿಲು ಬಿದ್ದು
ಈ ಸಾಲಿನ ಟಿವಿಗಳೆಲ್ಲ ಸತ್ತವು, ನನ್ನ ಯಂತ್ರವೂ.
ಡ್ರಾಯರಿನ ಡಿಸ್ಕ್ ಕಿವಿಗೆ ಹಿಡಿದರೆ ಟಿಕ್ ಟಿಕ್.
ಆ ಸದ್ದು ಕೇಳಿದರೆ ಡಾಕ್ಟರು ಬೇಡ, ಪುರೋಹಿತರು ಸಾಕು.
ಉಳಿದದ್ದು ಮೂರನೆಯದು,
ಕುಶಾಲನಗರದಲ್ಲಿ ನನ್ನ ನಾದಿನಿ ಬೊಜ್ಜವ್ವನ
ಬೀರುವಿನೊಳಗೆ, ಎರಡು ಸೀರೆಗಳ ನಡುವೆ.
ಒಂದು ಯಂತ್ರದಲ್ಲಿ, ಒಂದು ಡ್ರಾಯರಿನಲ್ಲಿ,
ಒಂದು ಬೇರೆ ಊರಿನ ಆಕಾಶದ ಕೆಳಗೆ.
ಬರೆದುಕೋ.

ಈ ಸೋಮವಾರ ಪಳಂಗಪ್ಪ ಮತ್ತೆ ಬಂದರು,
ಚಪ್ಪಲಿ ಹೊರಗೆ ಬಿಟ್ಟು. ಎಂದೂ ಬಿಡದವರು.
‘ಅವನದೊಂದು ಫೋಟೊ ಬೇಕಿತ್ತು,
ನಮ್ಮಲ್ಲಿ ಒಂದೂ ಇಲ್ಲ.’
ಯಾಕೆಂದು ಕೇಳಲಿಲ್ಲ, ಈ ಸಲವೂ.
ಪದರಗಳ ಪಟ್ಟಿಯಲ್ಲಿ ‘ಬೇಲಿ’ ಎಂದು ನಾನೇ ಇಟ್ಟ ಹೆಸರು,
ಪಕ್ಕದಲ್ಲಿ ಹುರುಳಿಕಾಳಿನಷ್ಟು ಕಣ್ಣು.
ಒತ್ತಿದೆ. ಕಣ್ಣು ಮುಚ್ಚಿತು,
ಬೇಲಿ ಹೋಯಿತು,
ಎಡತುದಿಯಲ್ಲಿ ಕೋವಿ ಹಿಡಿದು ಅವನು.
ಅವತ್ತು ನನಗೆ ಕಂಡಿರಲಿಲ್ಲ:
ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ
ಅವನು ಅಣ್ಣನ ಪೇಟ ಸೊಟ್ಟಗಿರುವುದನ್ನು ನೋಡಿ
ನಗು ತಡೆದುಕೊಳ್ಳುತ್ತಿದ್ದ.

ಪ್ರಿಂಟ್ ಆರುವವರೆಗೆ ಅವರು ಸ್ಟೂಲಿನ ಮೇಲೆ ಕೂತೇ ಇದ್ದರು.
ದುಡ್ಡು ತಗೊಂಡೆ. ಅರ್ಧ.

ಏನು ಬರೆದುಕೊಂಡೆ, ಓದು.
‘ಪದರಕ್ಕೆ ಹೆಸರಿಡಬೇಕು.’
ಹೂಂ, ಅದೂ ಸರಿಯೇ.
ಈಗ ಆ ಡಿಸ್ಕನ್ನು ಟವೆಲಿನಲ್ಲಿ ಸುತ್ತು,
ನಾಲ್ಕೂವರೆ ಬಸ್ಸಿಗೆ ಕುಶಾಲನಗರ.
ಮೇಲಿನ ಕಂಬಿಯಲ್ಲಿ ಇಡಬೇಡ,
ತೊಡೆಯ ಮೇಲೆ ಇಟ್ಟುಕೊಂಡು ಹೋಗು.