ಇಸ್ತ್ರಿ

ಡಬ್ಬಿಯಿಂದ ತೆಗೆದಾಗ ಬಾವುಟದ ತುಂಬ ಚೌಕ ಚೌಕ ಮಡಿಕೆ,
ಹಳೆಯ ನಕ್ಷೆಯ ಹಾಗೆ.
'ನಾಳೆ ಹನ್ನೊಂದಕ್ಕೆ ಏರಿಸಬೇಕು,' ಅಂದಳು ಕಚೇರಿಯ ಡಾರ್ಲಾ,
'ಸ್ವಲ್ಪ ಇಸ್ತ್ರಿ ಹಾಕಿಕೊಡ್ತೀಯಾ?'

ಹತ್ತಿ ಗೊತ್ತು ನನಗೆ. ನಲವತ್ತೆರಡು ಕೋಣೆಗಳ
ದಿಂಬುಗವಸು, ಹೊದಿಕೆ, ಮೂತ್ರದ ಕಲೆ ಬಿಡಿಸುವ ಉಪಾಯ ಗೊತ್ತು.
ನೈಲಾನು ಗೊತ್ತಿರಲಿಲ್ಲ.
ತಾಗಿಸಿದೆ ಅಷ್ಟೆ,
ಮೇಲಿನಿಂದ ಆರನೆಯ ಪಟ್ಟಿ, ಬಿಳಿಯದು,
ಉಗುರಿನಷ್ಟಗಲ ಸುರುಟಿಕೊಂಡಿತು
ತಳ ಹಿಡಿದ ಹಾಲಿನ ಬಣ್ಣಕ್ಕೆ.
ಒಂದು ದೇಶವನ್ನು ಸುಟ್ಟವಳ ಹಾಗೆ
ರಾತ್ರಿಯೆಲ್ಲ ಮಗ್ಗುಲು ಬದಲಿಸಿದೆ.

ನವೆಂಬರಿನ ಈರಿ ಪಟ್ಟಣ. ಸರೋವರದ ಮೇಲಿಂದ ಬರುವ ಗಾಳಿಗೆ
ಹಲ್ಲಿದೆ.
ಕಂಬದ ಸುತ್ತ ಗಾಲಿಕುರ್ಚಿಗಳ ಅರ್ಧಚಂದ್ರ,
ಮಂಡಿಗಳ ಮೇಲೆ ನಾನು ಒಗೆದ ಕಂಬಳಿ.
ಇವರನ್ನು ನಾನು ಮುಖದಿಂದಲ್ಲ, ಬಟ್ಟೆಯಿಂದ ಬಲ್ಲೆ.
ಡೊಮಿನಿಕ್ ಫೆರಾಂಟೆಯ ಅಂಗಿಗೆ ಯಾವಾಗಲೂ ಎರಡನೆಯ ಗುಂಡಿ ಇಲ್ಲ,
ಕೊರಿಯಾದಲ್ಲಿ ಅವನು ಬ್ರೆಡ್ಡು ಸುಡುತ್ತಿದ್ದನಂತೆ, ಗುಂಡು ಹಾರಿಸಿದ್ದೇ ಇಲ್ಲ.
ಥೆಲ್ಮಾ ಗ್ರೇಡಿಯ ಕರವಸ್ತ್ರಗಳಲ್ಲಿ ಶುಂಠಿ ಪೆಪ್ಪರಮಿಂಟಿನ ವಾಸನೆ,
ನೌಕಾದಳದಲ್ಲಿ ಬೆರಳಚ್ಚು,
ಸತ್ತವರ ಮನೆಗೆ ಹೋಗುವ ಕಾಗದಗಳು.
ಎಷ್ಟು ಅಂತ ಕೇಳಿದರೆ ಬೆರಳು ಆಡಿಸಿ ತೋರಿಸುತ್ತಾಳೆ,
ಬಾಯಿ ಬಿಡುವುದಿಲ್ಲ.

ಧ್ವನಿವರ್ಧಕದ ಕಹಳೆಗೆ ನಡುವೆಯೇ ಉಸಿರು ಕಟ್ಟಿತು.
ಯಾರೋ ಪೆಟ್ಟಿಗೆಯ ತಲೆಗೆ ಮೊಟಕಿದರು, ಮತ್ತೆ ಹಾಡಿತು.
ಬಾವುಟ ಏರಿತು.
ನಾನು ಆರನೆಯ ಪಟ್ಟಿಯನ್ನಲ್ಲದೆ ಬೇರೇನೂ ನೋಡಲಿಲ್ಲ.

ಕೋಣೆಯ ಸಂಖ್ಯೆಯ ಪ್ರಕಾರ ಹೆಸರು ಕೂಗಿದರು.
ಒಬ್ಬೊಬ್ಬರೂ 'ಹಾಜರ್' ಅಂದರು,
ಕೆಲವರು ಕೆಮ್ಮಿನ ಆಚೆಯಿಂದ, ಒಬ್ಬ ತಡವಾಗಿ, ಇನ್ನೊಬ್ಬನ ಸರದಿಯಲ್ಲಿ.
ಪ್ರತಿ ಹಾಜರಿಗೂ ಎದೆಗೊಂದು ಪುಟ್ಟ ಪಿನ್ನು.

'ಹದಿನೇಳು. ನೊವಾಟ್ನಿ, ಕಾಸಿಮಿರ್. ಸೇನೆ. ವಿಯೆಟ್ನಾಂ.'

ಪಟ್ಟಿ ಹೋದ ವರ್ಷದ್ದು.
ಕಾಸಿಮಿರ್ ಆಗಸ್ಟಿನಲ್ಲೇ ಹೋದ.
ಅವನ ಕೊನೆಯ ಹಾಸು ತೊಳೆದವಳು ನಾನು,
ಎರಡು ಸಲ, ಬಿಸಿ ನೀರಿನಲ್ಲಿ.
ಡಾರ್ಲಾಳ ಕೈ ಬಾಯಿಗೆ ಹೋಯಿತು.
ಕಂಬಕ್ಕೆ ಹಗ್ಗ ಬಡಿಯುತ್ತಿತ್ತು, ಟಣ್, ಟಣ್.

'ಹಾಜರ್.'

ಅರ್ಧಚಂದ್ರದ ಹೊರಗೆ, ಬಾಗಿಲ ಹತ್ತಿರ, ನನ್ನ ಪಕ್ಕದಲ್ಲೇ,
ಆಲ್ವಿನ್ ಡೆಕರ್.
ರೈಲು ಎಂಜಿನಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬೋಲ್ಟು ಬಿಗಿದವನು.
ಚಿಕ್ಕಂದಿನಿಂದ ಕುಂಟುಗಾಲು, ಸೈನ್ಯ ಬೇಡ ಅಂದಿತ್ತು.
ಈ ದಿನ ಬಂದರೆ ಒಳಗೇ ಕೂತು ಟೀವಿ ಜೋರು ಮಾಡುತ್ತಿದ್ದವನು.
ಕಾಸಿಮಿರನ ಜೊತೆ ಒಂದೇ ಕೋಣೆ, ಎರಡು ವರ್ಷ ಜಗಳ:
ಕಿಟಕಿ ತೆರೆ, ಮುಚ್ಚು,
ರೇಡಿಯೊ ಆರಿಸು, ನಿನ್ನ ಗೊರಕೆ ಆರಿಸು.

ಗಜೇಂದ್ರಗಡದ ಶಾಲೆಯಲ್ಲಿ ನಾನೊಮ್ಮೆ
ಜ್ವರ ಬಂದು ಮಲಗಿದ್ದ ಬೀಬಿಜಾನಳ ಪಾಲಿಗೆ ಹಾಜರ್ ಅಂದಿದ್ದೆ.
ಮಾಸ್ತರರ ಬೆತ್ತ ಅಂಗೈಯಲ್ಲಿ ಮೂರು ಗೆರೆ ಬರೆದಿತ್ತು.
ಇಲ್ಲಿ ಯಾರೂ ಬೆತ್ತ ಎತ್ತಲಿಲ್ಲ.
ಹೆಸರು ಕೂಗುತ್ತಿದ್ದ ಮುದುಕ ಪಟ್ಟಿ ನೋಡಿದ, ಆಲ್ವಿನನನ್ನು ನೋಡಿದ,
ಕನ್ನಡಕ ಒರೆಸಿಕೊಂಡ.
ನಡೆದು ಬಂದು ಪಿನ್ನು ಚುಚ್ಚಿದ.
ನಡುಗುವ ಕೈ. ಒಂದು ಸಲ ಬಟ್ಟೆ ತಪ್ಪಿ ಚರ್ಮಕ್ಕೆ ತಾಗಿರಬೇಕು,
ಆಲ್ವಿನ್ ಹುಬ್ಬು ಗಂಟಿಕ್ಕಿದ, ಸುಮ್ಮನಿದ್ದ.

'ಹದಿನೆಂಟು,' ಅಂದರು.

ಸುಟ್ಟ ಗುರುತು ಯಾರ ಕಣ್ಣಿಗೂ ಬೀಳಲಿಲ್ಲ,
ಬಿದ್ದರೂ ಬಾಯಿ ಬಿಡಲಿಲ್ಲ.
ಆಮೇಲೆ ಒಳಗೆ ಕುಂಬಳದ ಸಿಹಿ, ನೀರಾದ ಕಾಫಿ,
ಥೆಲ್ಮಾ ತನ್ನ ಪಾಲಿನದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.
ಗುರುವಾರ ಅದೂ ನನ್ನ ಬುಟ್ಟಿಗೇ ಬರುತ್ತದೆ.

ಮಂಗಳವಾರ ಒಗೆಯುವ ಯಂತ್ರದ ಹೊಟ್ಟೆಯಲ್ಲಿ ಏನೋ ಗಲಗಲ.
ನಿಲ್ಲಿಸಿ ಕೈ ಹಾಕಿದೆ.
ಬೂದು ಉಣ್ಣೆಯ ಸ್ವೆಟರು, ಜೇಬಿನಲ್ಲಿ ಪಿನ್ನು.
ಕೋಣೆ ಹದಿನೇಳರ ಬುಟ್ಟಿ. ಅಲ್ಲೀಗ ಇರುವವನು ಒಬ್ಬನೇ.
ಕೊರಳಪಟ್ಟಿ ತಿರುಗಿಸಿದರೆ
ನಾನೇ ಕೆಂಪು ದಾರದಲ್ಲಿ ಹೊಲಿದ ಹೆಸರು: ನೊವಾಟ್ನಿ.

ಸತ್ತವರ ಹೆಸರಿನ ಪಟ್ಟಿ ಬಿಚ್ಚುವುದು ಇಲ್ಲಿಯ ನಿಯಮ.
ಕತ್ತರಿ ಹುಡುಕಿದೆ. ಸಿಕ್ಕಿತು.
ತೋಳಿನಲ್ಲಿ ಎಳೆ ಬಿಟ್ಟಿದ್ದ ನೂಲೊಂದನ್ನು ಕತ್ತರಿಸಿ
ಕತ್ತರಿಯನ್ನು ಮೇಜಿನ ಮೇಲಿಟ್ಟೆ.
ಉಣ್ಣೆ. ಬಿಸಿ ಆಗದು.
ಹಲಗೆಯ ಮೇಲೆ ಹರವಿ ನೆರಳಿನಲ್ಲಿ ಒಣಗಿಸಿ,
ಪಿನ್ನನ್ನು ಅದೇ ಜೇಬಿಗೆ ಹಾಕಿ
ಗುಂಡಿ ಬಿಗಿ ಮಾಡಿದೆ.